ಸಿಹಿಗುಳಿಗೆಗೆ ಸಾಕ್ಷ್ಯವೆಷ್ಟು?

ಪೊನ್ನಂಪೇಟೆಯ ಮಳೆಗಾಲದ ಕೆಮ್ಮಿಗೆ ಹೋಮಿಯೋಪಥಿಯ ಸಿಹಿಗುಳಿಗೆ ಅಪರಿಚಿತವೇನಲ್ಲ. ಘಟ್ಟದ ಕೆಳಗೆ, ಮಂಗಳೂರಿನ ಕಂಕನಾಡಿಯಲ್ಲಿ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲೇ ಬಡವರಿಗಾಗಿ ಅದರ ಔಷಧಶಾಲೆಯನ್ನು ತೆರೆದಿದ್ದರು. ಆದರೆ ಅದು ನಿಜವಾಗಿ ಗುಣಕೊಡುವುದೇ?

ಇದನ್ನರಿಯಲು ಈಗ ದೂರದ ಗ್ರಂಥಾಲಯಕ್ಕೆ ಹೋಗಬೇಕಾಗಿಲ್ಲ. ಪಬ್‌ಮೆಡ್ ಎಂಬ ವೈದ್ಯಗ್ರಂಥಸೂಚಿ 1997ರಿಂದ ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತ. ರೋಗದ ಹೆಸರನ್ನೂ ಪದ್ಧತಿಯ ಹೆಸರನ್ನೂ ಇಂಗ್ಲಿಷಿನಲ್ಲಿ ಬರೆದರೆ ಪ್ರಬಂಧಗಳ ಸಾಲೇ ಎದುರು ನಿಲ್ಲುತ್ತದೆ. ಸಾಲು ಉದ್ದವೆಂದು ಹಿಗ್ಗಬೇಡಿ! ಒಬ್ಬ ರೋಗಿ ಗುಣವಾದ ವೃತ್ತಾಂತವೇ ಬೇರೆ. ಒಂದು ಗುಂಪಿಗೆ ಔಷಧಿ, ಇನ್ನೊಂದಕ್ಕೆ ಬರಿಯ ಸಕ್ಕರೆ, ಯಾರಿಗೆ ಯಾವುದೆಂದು ಕೊಡುವವರಿಗೂ ತಿಳಿಯದಂತೆ ನಡೆಸಿದ ಪರೀಕ್ಷೆಯೇ ಬೇರೆ. (ಮಗುವಿನ ಜ್ವರ ಏರುತ್ತಿದ್ದರೆ ಹುಡುಕಾಟ ಬಿಟ್ಟು ಆಸ್ಪತ್ರೆಗೆ ನಡೆಯಿರಿ.)

2015ರಲ್ಲಿ ಆಸ್ಟ್ರೇಲಿಯದ ವೈದ್ಯಸಂಶೋಧನ ಮಂಡಲಿ ಇಂಥ ಅಧ್ಯಯನಗಳನ್ನು ಜರಡಿಯಾಡಿಸಿ, ಯಾವ ರೋಗಕ್ಕೂ ನಂಬಲರ್ಹ ಸಾಕ್ಷ್ಯವಿಲ್ಲವೆಂದಿತು. ಒಪ್ಪದವರೂ ಉಂಟು, ಅವರ ವಾದವೂ ಅದೇ ಸೂಚಿಯಲ್ಲಿ ದೊರೆಯುತ್ತದೆ.