ಸತ್ಯವೇದದ ವಿರೋಧೋಕ್ತಿಗಳ ಚರ್ಚೆ: ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ವಾದಪರಂಪರೆಯ ಹಿನ್ನೆಲೆಯಲ್ಲಿ

ಬೈಬಲಿನಲ್ಲಿ ಪರಸ್ಪರ ವಿರುದ್ಧವಾದ ಹೇಳಿಕೆಗಳಿವೆಯೇ ಎಂಬ ಪ್ರಶ್ನೆ ಯುರೋಪಿನ ವಿದ್ಯಾಪೀಠಗಳಲ್ಲಿ ಹುಟ್ಟಿ ಅಲ್ಲಿಯೇ ಬೆಳೆದದ್ದೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಬೇರೆ ಬೇರೆ ಶಾಸ್ತ್ರಗ್ರಂಥಗಳನ್ನು ಪ್ರಮಾಣವೆಂದು ನಂಬಿದ ಜನರು ಒಂದೇ ಸಂತೆ, ಒಂದೇ ಬಂದರುಗಳಲ್ಲಿ ಶತಮಾನಗಳಿಂದ ಕೂಡಿ ಬಾಳಿದ ನೆಲದಲ್ಲಿ ಈ ಪ್ರಶ್ನೆಗೆ ಬೇರೊಂದು ಅರ್ಥವಿದೆ. ಉತ್ತರ ಕನ್ನಡದ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳು ಅಂತಹ ನೆಲ. ಭಟ್ಕಳವು ನವಾಯತರ ಊರು. ಅದೇ ತಾಲೂಕಿನ ಹಾಡುವಳ್ಳಿ, ಅಂದರೆ ಶಾಸನಗಳ ಸಂಗೀತಪುರ, ದಿಗಂಬರ ಜೈನರ ವಿದ್ಯಾಕೇಂದ್ರವಾಗಿತ್ತು. ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಲ್ಲಿ ಚತುರ್ಮುಖ ಬಸದಿ ಇಂದಿಗೂ ನಿಂತಿದೆ. ಶರಾವತಿಯ ಅಳಿವೆಯಲ್ಲಿ ಪೋರ್ಚುಗೀಸರು ಬೀಡುಬಿಟ್ಟಿದ್ದರು. ಗೋವೆಯ ಕಡೆಯಿಂದ ಬಂದ ಕೊಂಕಣಿ ಕ್ಯಾಥೊಲಿಕರ ಇಗರ್ಜಿಗಳು ಕರಾವಳಿಯುದ್ದಕ್ಕೂ ಇವೆ. ಕುಮಟಾ ತಾಲೂಕಿನ ಗೋಕರ್ಣದಲ್ಲಿ ವೇದಾಧ್ಯಯನದ ಪರಂಪರೆ ಮುರಿಯದೆ ಉಳಿದು ಬಂದಿದೆ. ಶಾಸ್ತ್ರವೆಂದರೇನು, ಅದರಲ್ಲಿ ದೋಷವೆಂದರೇನು ಎಂಬುದಕ್ಕೆ ಇವರಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ.

ಈ ಸೀಮೆಯ ವಾದಿಗಳಲ್ಲಿ ಅಗ್ರಗಣ್ಯನಾದವನು ಹದಿನಾರನೆಯ ಶತಮಾನದ ಪೂರ್ವಾರ್ಧದಲ್ಲಿದ್ದ ವಾದಿ ವಿದ್ಯಾನಂದ. ಹುಂಚದ ಶಾಸನವೊಂದು ಆತನು ಗೆದ್ದ ಸಭೆಗಳನ್ನು ಒಂದೊಂದಾಗಿ ಹೆಸರಿಸುತ್ತದೆ. ಸಾಳುವ ಅರಸರ ಆಸ್ಥಾನ, ನಗಿರೆಯ ರಾಜ್ಯ, ಬಿಳಿಗೆ, ಕಾರ್ಕಳ ಮುಂತಾದವು ಆ ಪಟ್ಟಿಯಲ್ಲಿವೆ. ಅದರಲ್ಲಿ ಶ್ರೀರಂಗನಗರದ ಸಭೆಯಲ್ಲಿ ಆತನು ‘ಪೆರಂಗಿ’ಯ ಮತವನ್ನು ಅಳಿಸಿದನೆಂಬ ಮಾತೂ ಬರುತ್ತದೆ. ಬಿ. ಎಲ್. ರೈಸ್ ಅವರು ಇದನ್ನು ಯುರೋಪಿಯನ್ನರ ಮತವೆಂದೇ ಅರ್ಥೈಸಿದರು. ಈ ಅರ್ಥವನ್ನು ಒಪ್ಪಿದರೆ ಕನ್ನಡ ನಾಡಿನಲ್ಲಿ ಕ್ರೈಸ್ತಮತವನ್ನು ಕುರಿತು ನಡೆದ ವಾದಗಳ ಅತ್ಯಂತ ಹಳೆಯ ಉಲ್ಲೇಖಗಳಲ್ಲಿ ಇದೂ ಒಂದಾಗುತ್ತದೆ. ವಾದದ ವಿಷಯವೇನೆಂದು ಶಾಸನ ಹೇಳುವುದಿಲ್ಲ. ಬಿರುದಾವಳಿಗೆ ಗೆಲುವು ಸಾಕು, ವಿವರ ಬೇಡ. ಆದರೆ ಬೈಬಲಿನ ವಾಕ್ಯಗಳನ್ನು ಎದುರುಬದುರಾಗಿಟ್ಟು ನಡೆದ ವಾದ ಅದಾಗಿರಲಾರದು. ಆ ಕಾಲದಲ್ಲಿ ಈ ಗ್ರಂಥ ಕನ್ನಡದಲ್ಲಾಗಲಿ ಕೊಂಕಣಿಯಲ್ಲಾಗಲಿ ಇರಲಿಲ್ಲ. ಲ್ಯಾಟಿನ್ ಬಲ್ಲ ಪಾದ್ರಿಯ ಬಾಯಿಂದ ಬಂದ ತತ್ತ್ವವನ್ನು ಮಾತ್ರ ಖಂಡಿಸಲು ಸಾಧ್ಯವಿತ್ತು.

ಕರಾವಳಿಯ ಕ್ಯಾಥೊಲಿಕರಿಗೂ ಬಹುಕಾಲ ಬೈಬಲು ಓದುವ ಪುಸ್ತಕವಾಗಿರದೆ ಕೇಳುವ ಕಥೆಯಾಗಿತ್ತು. ಇಂಗ್ಲೆಂಡಿನಿಂದ ಗೋವೆಗೆ ಬಂದ ಯೇಸುಸಭೆಯ ಪಾದ್ರಿ ತೋಮಸ್ ಸ್ಟೀಫನ್ಸ್ 1616ರಲ್ಲಿ ಮುದ್ರಿಸಿದ ‘ಕ್ರಿಸ್ತಪುರಾಣ’ವು ಸೃಷ್ಟಿಯಿಂದ ಯೇಸುವಿನ ಸ್ವರ್ಗಾರೋಹಣದವರೆಗಿನ ವೃತ್ತಾಂತವನ್ನು ಓವಿಗಳಲ್ಲಿ ಒಂದೇ ಹರಿವಾಗಿ ಹೇಳುತ್ತದೆ. ನಾಲ್ಕು ಸುವಾರ್ತೆಗಳು ನಾಲ್ಕು ಬಗೆಯಾಗಿ ಹೇಳಿದ್ದನ್ನು ಕವಿ ಒಂದಾಗಿ ಹೆಣೆದಿರುವುದರಿಂದ ಕೇಳುಗನಿಗೆ ಭೇದವೇ ಕಾಣದು. ಎರಡೂವರೆ ಶತಮಾನಗಳ ಬಳಿಕ ಪ್ರೊಟೆಸ್ಟಂಟರಾದ ಕಿಟ್ಟೆಲ್ಲರು ‘ಕಥಾಮಾಲೆ’ಯಲ್ಲಿ (1862) ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ಇಳಿಸಿದಾಗಲೂ ಬಹುಮಟ್ಟಿಗೆ ಇದೇ ಆಯಿತು. ಪುರಾಣದ ಮಾದರಿಯಲ್ಲಿ ವಿರೋಧಕ್ಕೆ ಎಡೆಯಿಲ್ಲ.

ಎಡೆ ದೊರೆತದ್ದು ಗದ್ಯದ ಅಚ್ಚಿನ ಪುಸ್ತಕದಿಂದ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕೈಗೊಂಡ ಅನುವಾದ ಕಾರ್ಯವು 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮುದ್ರಣದ ಕೆಲಸವನ್ನು ಕರಾವಳಿಯಲ್ಲಿ ಬೇರೂರಿಸಿದರು. ಅಧ್ಯಾಯ, ವಚನಗಳಿಗೆ ಅಂಕೆ ಹಾಕಿದ ಪುಸ್ತಕ ಕೈಗೆ ಬಂದ ಮೇಲೆ ಅಕ್ಷರ ಬಲ್ಲ ಯಾವನೇ ಆಗಲಿ ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದಾಯಿತು. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಗ್ರಂಥಕ್ಕೆ ಕನ್ನಡದಲ್ಲಿ ಪ್ರಚಾರಕ್ಕೆ ಬಂದ ಹೆಸರು ‘ಸತ್ಯವೇದ’. ಹೆಸರು ಗೌರವದ್ದೇ ಹೌದು; ಆದರೆ ವೇದವೆಂದೊಡನೆ ಅಪೌರುಷೇಯತ್ವ, ಸ್ವತಃಪ್ರಾಮಾಣ್ಯ, ಒಂದು ಸ್ವರವೂ ಕೆಡದ ಪಾಠಶುದ್ಧಿ ಎಂಬ ನಿರೀಕ್ಷೆಗಳು ಕನ್ನಡ ಓದುಗನ ಮನಸ್ಸಿನಲ್ಲಿ ಮೂಡುತ್ತವೆ. ಆ ಪುಸ್ತಕವಾದರೋ ತನ್ನನ್ನು ಹಾಗೆ ಪರಿಚಯಿಸಿಕೊಳ್ಳುವುದಿಲ್ಲ. ತನಗಿಂತ ಮುಂಚೆ ಅನೇಕರು ಬರೆದಿರುವುದನ್ನೂ ತಾನು ಎಲ್ಲವನ್ನೂ ಮೊದಲಿನಿಂದ ವಿಚಾರಿಸಿ ಕ್ರಮವಾಗಿ ಬರೆಯುತ್ತಿರುವುದನ್ನೂ ಲೂಕನು ತನ್ನ ಸುವಾರ್ತೆಯ ಆರಂಭದಲ್ಲೇ ತಿಳಿಸುತ್ತಾನೆ. ಇದು ಋಷಿಯ ಮಾತಿಗಿಂತ ಚರಿತ್ರೆಕಾರನ ಮಾತಿಗೆ ಹತ್ತಿರವಾದುದು. ‘ವೇದ’ವೆಂಬ ಹೆಸರು ತಂದ ಭಾರವನ್ನು ಕನ್ನಡದ ವಾಗ್ವಾದಗಳು ಅರಿವಿಲ್ಲದೆ ಹೊತ್ತು ನಡೆದಿವೆ ಎನ್ನಬೇಕು.

ಇನ್ನು ಆ ವಿರೋಧಗಳ ಸ್ವರೂಪವೇನು? ಅವೆಲ್ಲ ಒಂದೇ ಜಾತಿಯವಲ್ಲ. ಮೊದಲನೆಯದಾಗಿ ಲಿಪಿಕಾರರ ಸ್ಖಾಲಿತ್ಯಗಳು. ಅಹಜ್ಯನು ಪಟ್ಟಕ್ಕೆ ಬಂದಾಗ ಇಪ್ಪತ್ತೆರಡು ವರ್ಷದವನೆಂದು ಅರಸುಗಳ ಎರಡನೆಯ ಗ್ರಂಥ ಹೇಳಿದರೆ, ಪೂರ್ವಕಾಲವೃತ್ತಾಂತದ ಎರಡನೆಯ ಗ್ರಂಥದ ಹೀಬ್ರೂ ಪಾಠದಲ್ಲಿ ನಲವತ್ತೆರಡು ಎಂದಿದೆ. ಆತನ ತಂದೆಯಾದ ಯೆಹೋರಾಮನು ಮೂವತ್ತೆರಡನೆಯ ವಯಸ್ಸಿನಲ್ಲಿ ಪಟ್ಟವೇರಿ ಎಂಟು ವರ್ಷ ಆಳಿ ತೀರಿಕೊಂಡನೆಂದು ಅದೇ ಗ್ರಂಥ ಹಿಂದಿನ ಅಧ್ಯಾಯದಲ್ಲಿ ಹೇಳಿರುವುದರಿಂದ ಮಗನು ತಂದೆಗಿಂತ ಎರಡು ವರ್ಷ ಹಿರಿಯನಾಗಬೇಕಾಗುತ್ತದೆ! ಗ್ರೀಕ್ ಅನುವಾದದಲ್ಲಿ ಇಪ್ಪತ್ತು, ಸಿರಿಯಾಕ್ ಅನುವಾದದಲ್ಲಿ ಇಪ್ಪತ್ತೆರಡು ಎಂಬ ಪಾಠಗಳಿವೆ. ಓಲೆಗರಿಯ ಪ್ರತಿಗಳನ್ನು ತಿದ್ದಿ ಪರಿಷ್ಕರಿಸಿದ ಅನುಭವವಿರುವ, ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಓದಿಕೊಂಡ ಕನ್ನಡ ವಿದ್ವಾಂಸರಿಗೆ ಇದರಲ್ಲಿ ಬೆರಗೇನೂ ಇಲ್ಲ. ಇದು ಪಾಠಾಂತರ, ಸಿದ್ಧಾಂತದ ವಿರೋಧವಲ್ಲ.

ಎರಡನೆಯ ಬಗೆಯದು ಇಷ್ಟು ಸುಲಭವಾಗಿ ಬಿಡಿಸಿಕೊಳ್ಳುವಂಥದಲ್ಲ. ದಾವೀದನು ಜನಗಣತಿ ಮಾಡಿಸಿದ ಪ್ರಸಂಗದಲ್ಲಿ ಅವನನ್ನು ಪ್ರೇರಿಸಿದವನು ಕೋಪಗೊಂಡ ದೇವರೇ ಎಂದು ಸಮುವೇಲನ ಎರಡನೆಯ ಗ್ರಂಥ ಹೇಳುತ್ತದೆ. ಸೈತಾನನೆಂದು ಪೂರ್ವಕಾಲವೃತ್ತಾಂತ ಹೇಳುತ್ತದೆ. ಲೆಕ್ಕವೂ ಬೇರೆ: ಒಂದರಲ್ಲಿ ಇಸ್ರಾಯೇಲಿನ ಯೋಧರು 8 ಲಕ್ಷ, ಯೆಹೂದದವರು 5 ಲಕ್ಷ, ಇನ್ನೊಂದರಲ್ಲಿ 11 ಲಕ್ಷ ಮತ್ತು 4,70,000. ಅಂಕೆಯ ಭೇದವನ್ನು ಲಿಪಿಕಾರನ ತಲೆಗೆ ಕಟ್ಟಬಹುದು. ದೇವರು ಸೈತಾನನಾಗಿ ಬದಲಾದದ್ದನ್ನು ಕಟ್ಟಲಾಗದು. ಶತಮಾನಗಳ ಅಂತರದಲ್ಲಿ ಬರೆದ ಇಬ್ಬರು ಲೇಖಕರ ದೈವಕಲ್ಪನೆಯೇ ಬೇರೆಯಾಗಿದೆ ಎಂಬುದು ಆಧುನಿಕ ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪಿದ ವಿವರಣೆ. ದೇವರು ಅನುಮತಿಸಿದನು, ಸೈತಾನನು ಎಸಗಿದನು ಎಂಬುದು ಸಾಂಪ್ರದಾಯಿಕ ಸಮನ್ವಯ. ಇಸ್ಕರಿಯೋತ ಯೂದನ ಮರಣವೂ ಇಂಥದೇ. ಬೆಳ್ಳಿಯ ನಾಣ್ಯಗಳನ್ನು ದೇವಾಲಯದಲ್ಲಿ ಬಿಸಾಡಿ ಅವನು ನೇಣುಹಾಕಿಕೊಂಡನು, ಆ ಹಣದಿಂದ ಯಾಜಕರು ಕುಂಬಾರನ ಹೊಲ ಕೊಂಡರು ಎಂದು ಮತ್ತಾಯನು ಬರೆದರೆ, ಅವನೇ ಹೊಲವನ್ನು ಕೊಂಡು ಅಲ್ಲಿ ತಲೆಕೆಳಗಾಗಿ ಬಿದ್ದು ಹೊಟ್ಟೆಯೊಡೆದು ಸತ್ತನೆಂದು ಅಪೊಸ್ತಲರ ಕೃತ್ಯಗಳಲ್ಲಿದೆ. ರಕ್ತದ ಹೊಲ ಎಂಬ ಹೆಸರು ಮಾತ್ರ ಎರಡರಲ್ಲೂ ಒಂದೇ. ನೇಣಿನ ಹಗ್ಗ ಹರಿದು ಬಿದ್ದನೆಂಬ ಸಮಾಧಾನ ಪ್ರಾಚೀನವಾದುದಾದರೂ ಹೊಲವನ್ನು ಕೊಂಡವರು ಯಾರೆಂಬುದಕ್ಕೆ ಅದು ಉತ್ತರವಾಗದು. ಯೋಸೇಫನ ತಂದೆ ಮತ್ತಾಯನಲ್ಲಿ ಯಾಕೋಬ, ಲೂಕನಲ್ಲಿ ಹೇಲೀ ಎಂಬ ವಂಶಾವಳಿಯ ಭೇದವೂ ಪ್ರಸಿದ್ಧವಾದುದೇ.

ಇವಾವುವೂ ಕ್ರೈಸ್ತ ಆಚಾರ್ಯರಿಗೆ ತಿಳಿಯದೆ ಇದ್ದವಲ್ಲ. ಎರಡನೆಯ ಶತಮಾನದಲ್ಲೇ ತಾಸಿಯನನು ನಾಲ್ಕು ಸುವಾರ್ತೆಗಳನ್ನು ಒಂದಾಗಿ ಹೊಲಿದು ‘ದಿಯಾತೆಸ್ಸರೋನ್’ ಎಂಬ ಗ್ರಂಥ ರಚಿಸಿದ್ದನು. ಸಿರಿಯಾದ ಸಭೆಗಳಲ್ಲಿ ಅದು ಬಹುಕಾಲ ಓದಿಸಿಕೊಂಡಿತು. ಐದನೆಯ ಶತಮಾನದ ಬಿಷಪ್ ಥಿಯೊಡೊರೆಟನು ಅದರ ಇನ್ನೂರಕ್ಕೂ ಹೆಚ್ಚು ಪ್ರತಿಗಳನ್ನು ತನ್ನ ಸಭೆಗಳಿಂದ ತೆಗೆಸಿ, ಅವುಗಳ ಜಾಗದಲ್ಲಿ ನಾಲ್ಕು ಪ್ರತ್ಯೇಕ ಸುವಾರ್ತೆಗಳನ್ನೇ ಇರಿಸಿದನು. ವಿರೋಧವಿಲ್ಲದ ಒಂದು ಪುಸ್ತಕ ಸಿದ್ಧವಾಗಿ ಕೈಯಲ್ಲಿದ್ದಾಗಲೂ ವಿರೋಧವಿರುವ ನಾಲ್ಕನ್ನು ಉಳಿಸಿಕೊಂಡದ್ದು ಸಾಮಾನ್ಯ ನಿರ್ಧಾರವಲ್ಲ. ಈಚಿನ ಕಾಲದಲ್ಲಿ ಕ್ರೈಸ್ತರಲ್ಲೇ ದಾರಿ ಕವಲೊಡೆದಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ, ದೇವರು ನಮ್ಮ ರಕ್ಷಣೆಗಾಗಿ ತಿಳಿಸಬಯಸಿದ ಸತ್ಯವನ್ನು ಧರ್ಮಗ್ರಂಥ ತಪ್ಪಿಲ್ಲದೆ ಬೋಧಿಸುತ್ತದೆಂದು ಸಾರಿತು. ಹೊನ್ನಾವರ, ಕುಮಟೆಗಳ ಕ್ಯಾಥೊಲಿಕರಿಗೆ ಅನ್ವಯಿಸುವ ನಿಲುವು ಇದೇ. 1978ರ ಶಿಕಾಗೊ ಹೇಳಿಕೆಗೆ ಸಹಿ ಹಾಕಿದ ಇವ್ಯಾಂಜೆಲಿಕಲ್ ಪ್ರೊಟೆಸ್ಟಂಟರಾದರೋ ಮೂಲಪ್ರತಿಯಲ್ಲಿ ಯಾವ ಬಗೆಯ ತಪ್ಪೂ ಇರಲಿಲ್ಲವೆಂದು ಪಟ್ಟುಹಿಡಿದರು. ಯೂದನ ಹೊಲ ಮೊದಲನೆಯವರನ್ನು ಕಾಡದು. ಎರಡನೆಯವರಿಗೆ ಅದು ಬಗೆಹರಿಯಲೇಬೇಕಾದ ಸಮಸ್ಯೆ.

ಈ ವ್ಯತ್ಯಾಸವನ್ನು ಗೋಕರ್ಣದ ಶಾಸ್ತ್ರಿಗಳು ಕೂಡಲೇ ಗುರುತಿಸಬಲ್ಲರು. ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ವೇದದ ಮೇಲೆಯೇ ಮೂರು ಆಕ್ಷೇಪಗಳನ್ನು ಎತ್ತಲಾಗಿದೆ: ಅನೃತ, ವ್ಯಾಘಾತ, ಪುನರುಕ್ತ. ವ್ಯಾಘಾತವೆಂದರೆ ಒಂದು ಮಾತು ಇನ್ನೊಂದನ್ನು ಹೊಡೆದುಹಾಕುವುದು. ಸೂರ್ಯೋದಯವಾದ ಮೇಲೆ ಹೋಮ ಮಾಡಬೇಕೆಂಬ ವಿಧಿಯೂ ಉದಯಕ್ಕೆ ಮುಂಚೆ ಮಾಡಬೇಕೆಂಬ ವಿಧಿಯೂ ಇದ್ದು, ಒಂದೊಂದನ್ನೂ ನಿಂದಿಸುವ ವಾಕ್ಯವೂ ಇದೆ ಎಂಬುದು ಪೂರ್ವಪಕ್ಷ. ಒಂದು ಕಾಲವನ್ನು ಅಂಗೀಕರಿಸಿ ಆಮೇಲೆ ಬದಲಿಸಿದವನಿಗೆ ಮಾತ್ರ ಆ ನಿಂದೆ ಸಲ್ಲುತ್ತದೆ ಎಂಬುದು ಸಮಾಧಾನ. ಇಲ್ಲಿ ವೇದವನ್ನು ವಿಧಿಯಾಗಿ ಓದಿದ್ದರಿಂದ ಈ ಸಮಾಧಾನ ಸಾಧ್ಯವಾಯಿತು. ವೃತ್ತಾಂತವಾಗಿ ಓದಿದ್ದರೆ ಸಾಧ್ಯವಾಗುತ್ತಿರಲಿಲ್ಲ. ಹಾಡುವಳ್ಳಿಯ ದಿಗಂಬರ ಪರಂಪರೆಯ ನಿಲುವು ಇನ್ನೂ ವಿಲಕ್ಷಣ. ತಮ್ಮ ಮೂಲ ಅಂಗಾಗಮಗಳು ಕಾಲಕ್ರಮದಲ್ಲಿ ಲುಪ್ತವಾದುವೆಂದು ಅವರೇ ಹೇಳಿಕೊಳ್ಳುತ್ತಾರೆ. ಪ್ರಾಮಾಣ್ಯ ಆಚಾರ್ಯರ ಕೃತಿಗಳಿಗೆ ಸಂದಿದೆ. ಗ್ರಂಥದ ಅಕ್ಷರ ಉಳಿಯದಿದ್ದರೂ ಧರ್ಮ ಉಳಿಯಬಲ್ಲದೆಂಬ ಈ ನಂಬಿಕೆಯ ಎದುರಿನಲ್ಲಿ ಪಾಠಾಂತರಗಳ ಪಟ್ಟಿ ಹಿಡಿದು ವಾದಿಸುವುದು ವ್ಯರ್ಥ. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ ಭಟ್ಟಾಕಳಂಕನು ಈ ಪರಂಪರೆಯವನೇ.

ಭಟ್ಕಳದ ವಿದ್ವಾಂಸರ ಅಳತೆಗೋಲು ಬೇರೆ. ಕುರ್‌ಆನಿನ ನಾಲ್ಕನೆಯ ಅಧ್ಯಾಯವು, ಇದು ಅಲ್ಲಾಹನಲ್ಲದೆ ಬೇರೆಯವರಿಂದ ಬಂದುದಾಗಿದ್ದರೆ ಇದರಲ್ಲಿ ಬಹಳ ವೈರುಧ್ಯಗಳು ಕಾಣುತ್ತಿದ್ದುವೆಂಬ ಆಶಯವನ್ನು ಮುಂದಿಡುತ್ತದೆ. ವಿರೋಧವಿಲ್ಲದಿರುವುದೇ ದೈವಿಕತೆಯ ಲಕ್ಷಣವಾದಾಗ, ಅದೇ ಅಳತೆಗೋಲನ್ನು ಇಂಜೀಲಿಗೂ ಹಿಡಿಯುವುದು ಸಹಜ. ಈಸಾ ಪೈಗಂಬರರಿಗೆ ಇಳಿದುಬಂದ ಒಂದು ಇಂಜೀಲಿನ ಜಾಗದಲ್ಲಿ ನಾಲ್ವರ ನಾಲ್ಕು ಬರಹಗಳಿರುವುದೇ ಮುಸ್ಲಿಮ್ ವಿದ್ವಾಂಸನಿಗೆ ಮೊದಲ ಸಂದೇಹ. ಆ ಅಳತೆಗೋಲನ್ನು ಕ್ರೈಸ್ತನು ಒಪ್ಪಿಕೊಂಡಿದ್ದಾನೆಯೇ ಎಂಬ ಪ್ರಶ್ನೆ ಮಾತ್ರ ಹಲವು ವೇಳೆ ಕೇಳದೆಯೇ ಉಳಿಯುತ್ತದೆ. 1993ರ ಗಲಭೆಗಳನ್ನು ಕಂಡ ಊರಿನಲ್ಲಿ ಒಬ್ಬರ ಶಾಸ್ತ್ರದ ದೋಷವನ್ನು ಇನ್ನೊಬ್ಬರು ಬಹಿರಂಗವಾಗಿ ಎಣಿಸುವುದು ಬರಿಯ ತರ್ಕದ ವಿಷಯವಾಗಿ ಉಳಿಯುವುದಿಲ್ಲವಾದ್ದರಿಂದ, ಕೇಳದೆ ಉಳಿದ ಆ ಪ್ರಶ್ನೆಗೆ ಇಲ್ಲಿ ಬೆಲೆ ಹೆಚ್ಚು.

ಅದನ್ನು ಕೇಳದೆ ನಡೆದ ವಾದಕ್ಕೆ ಆಗ್ರಾ ನಿದರ್ಶನ. ಮಂಗಳೂರಿಗೆ ಮಿಷನರಿಗಳನ್ನು ಕಳುಹಿಸಿದ ಅದೇ ಬಾಸೆಲಿನಲ್ಲಿ ಕಲಿತ ಕಾರ್ಲ್ ಗೊಟ್ಲೀಬ್ ಫಾಂಡರ್, 1854ರ ಏಪ್ರಿಲ್ 10 ಮತ್ತು 11ರಂದು ಆಗ್ರಾದಲ್ಲಿ ಕೈರಾನಾದ ಮೌಲಾನಾ ರಹಮತುಲ್ಲಾ ಅವರೊಡನೆ ಬಹಿರಂಗ ವಾದಕ್ಕೆ ಕುಳಿತನು. ಐದು ವಿಷಯಗಳು ಗೊತ್ತಾಗಿದ್ದುವು, ಎರಡರಾಚೆಗೆ ಸಾಗಲಿಲ್ಲ. ಎರಡನೆಯದಾದ ‘ತಹರೀಫ್’, ಅಂದರೆ ಗ್ರಂಥದ ಪಾಠ ಕೆಟ್ಟಿದೆಯೇ ಎಂಬ ವಿಷಯವೇ ವಾದವನ್ನು ನುಂಗಿತು. ಮೌಲಾನಾ ಅವರ ಪಕ್ಕದಲ್ಲಿದ್ದ ಡಾ. ವಜೀರ್ ಖಾನ್ ಇಂಗ್ಲಿಷ್ ಬಲ್ಲವರಾಗಿದ್ದು, ಯುರೋಪಿನ ವಿಮರ್ಶಕರ ಗ್ರಂಥಗಳನ್ನೇ ಪಾದ್ರಿಯ ಎದುರಿಗೆ ಹಿಡಿದರು. ಕೆಲವು ವಚನಗಳಲ್ಲಿ ಪಾಠ ಬದಲಾಗಿರುವುದನ್ನು ಫಾಂಡರ್ ಒಪ್ಪಿದನು. ಅದರಿಂದ ಮೂಲ ಸಂದೇಶಕ್ಕೆ ಕುಂದಿಲ್ಲವೆಂಬುದು ಅವನ ನಿಲುವು. ಒಂದು ವಚನ ಕೆಟ್ಟರೂ ಗ್ರಂಥದ ಪ್ರಾಮಾಣ್ಯ ಹೋಯಿತೆಂಬುದು ಎದುರು ಪಕ್ಷ. ಇಬ್ಬರ ಮಾತೂ ತಂತಮ್ಮ ಶಾಸ್ತ್ರಲಕ್ಷಣಕ್ಕೆ ಸರಿಯಾಗಿಯೇ ಇತ್ತು. ಲಕ್ಷಣದ ಬಗೆಗೆ ಮಾತ್ರ ವಾದ ನಡೆಯಲೇ ಇಲ್ಲ. ಮೂರನೆಯ ದಿನ ಸಭೆ ಸೇರಲಿಲ್ಲ. 1864ರಲ್ಲಿ ರಹಮತುಲ್ಲಾ ಅವರು ಅರಬ್ಬಿಯಲ್ಲಿ ರಚಿಸಿದ ‘ಇಜ್‌ಹಾರುಲ್ ಹಕ್’ ಅಹಜ್ಯನ ವಯಸ್ಸೇ ಮೊದಲಾದ ವಿರೋಧಗಳನ್ನು ಒಂದೊಂದಾಗಿ ಎಣಿಸಿತು. ಸೂರತ್ ಜಿಲ್ಲೆಯಲ್ಲಿ ಹುಟ್ಟಿ ದಕ್ಷಿಣ ಆಫ್ರಿಕದಲ್ಲಿ ಬೆಳೆದ ಅಹ್ಮದ್ ದೀದಾತ್ (1918–2005) ಅವರು ತಮ್ಮ ವಾದಸಾಮಗ್ರಿಯನ್ನು ಮೊದಲು ಕಂಡದ್ದು ಈ ಗ್ರಂಥದಲ್ಲೇ.

ಆಗ್ರಾದ ಸಭೆ ಮುಗಿದೊಡನೆ ಎರಡೂ ಕಡೆಯವರು ತಂತಮ್ಮ ವರದಿಗಳನ್ನು ಅಚ್ಚು ಹಾಕಿಸಿದರು. ಫಾಂಡರ್ ಏನನ್ನು ಒಪ್ಪಿದನು, ಎಷ್ಟನ್ನು ಒಪ್ಪಿದನು ಎಂಬ ವಿಷಯದಲ್ಲಿ ಆ ವರದಿಗಳು ಹೊಂದುವುದಿಲ್ಲ. ತನ್ನ ಮಾತನ್ನು ತಿರುಚಲಾಗಿದೆಯೆಂದು ಅವನು ದೂರಿದನು. ಎರಡು ವರದಿಗಳೂ ಸಭೆಯಲ್ಲಿ ಕಣ್ಣಾರೆ ಕಂಡವರವೇ.