ಎಡೇಹಳ್ಳಿಗೆ ಬಂದ ಮರಗೆಣಸು

ಮಲೆನಾಡಿನಲ್ಲಿ ಅಡಿಕೆ ಕೊಯ್ಲು ಮುಗಿದು, ಬೇಯಿಸುವ ಹಂಡೆ ಒಲೆಯಿಂದ ಇಳಿಯುವ ಹೊತ್ತಿಗೆ ನರಸಿಂಹರಾಜಪುರದ ಆಸುಪಾಸಿನ ಕೆಲವು ಮನೆಗಳಲ್ಲಿ ಇನ್ನೊಂದು ಒಲೆ ಹೊತ್ತಿಕೊಳ್ಳುತ್ತದೆ. ಮುತ್ತಿನಕೊಪ್ಪ, ಶೆಟ್ಟಿಕೊಪ್ಪ, ಬಾಳೆಹೊನ್ನೂರು ಕಡೆಯ ರಬ್ಬರ್ ತೋಟಗಳ ನಡುವಿನ ಮನೆಗಳವು. ಅಲ್ಲೂ ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಆದರೆ ಹಂಡೆಯಲ್ಲಿ ಕುದಿಯುವುದು ಮರಗೆಣಸು. ಕೇರಳದಿಂದ ಬಂದು ಇಲ್ಲಿ ನೆಲೆನಿಂತವರು ಅದನ್ನು ಕಪ್ಪ ಎನ್ನುತ್ತಾರೆ. ಬೇಯಿಸಿ ಒಣಗಿಸಿದ್ದಕ್ಕೆ ವಾಟ್ಟುಕಪ್ಪ. ಪೇಟೆಯ ಅಂಗಡಿಯಲ್ಲಿ ಇದಕ್ಕೆ ಬೋರ್ಡು ಇಲ್ಲ, ಹೋಟೆಲಿನ ಪಟ್ಟಿಯಲ್ಲಿ ಅಪರೂಪ. ಹಾಗಾಗಿ ಮಲೆನಾಡಿನ ಅಡುಗೆಯ ಬಗ್ಗೆ ಬರೆಯುವವರು ಕಡುಬು, ಅಕ್ಕಿರೊಟ್ಟಿ, ಪತ್ರೊಡೆ, ಕಳಲೆಗೆ ನಿಲ್ಲಿಸಿಬಿಡುತ್ತಾರೆ. ಅರ್ಧ ಶತಮಾನಕ್ಕೂ ಮೀರಿ ಈ ತಾಲ್ಲೂಕಿನಲ್ಲಿ ಬೇಯುತ್ತಿರುವ ಪದಾರ್ಥವನ್ನು ಇನ್ನೂ ಹೊರಗಿನದು ಎಂದೇ ಎಣಿಸುವುದು ಸರಿಯಲ್ಲ ಎಂಬುದು ನನ್ನ ತಕರಾರು.

ನರಸಿಂಹರಾಜಪುರ ಎಂಬ ಹೆಸರೇ ನಂತರ ಬಂದದ್ದು. ಮೊದಲು ಇದು ಎಡೇಹಳ್ಳಿ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅವರ ಹೆಸರು ಊರಿಗೆ ಅಂಟಿಕೊಂಡಿತು. ಮಲೇರಿಯಾಕ್ಕೆ ಹೆದರಿ ಜನ ಊರು ಬಿಡುತ್ತಿದ್ದ ಸೀಮೆಯಿದು. ಮಲೆನಾಡಿನ ಜನಸಂಖ್ಯೆ ಕರಗುತ್ತಿದೆ ಎಂದು ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲೇ ಮೈಸೂರು ಸರ್ಕಾರ ಮಲೆನಾಡು ಸುಧಾರಣೆಯ ಯೋಜನೆ ಹಾಕಿಕೊಳ್ಳಬೇಕಾಯಿತು. ಸ್ವಾತಂತ್ರ್ಯದ ನಂತರ ಡಿಡಿಟಿ ಬಂದು ಚಳಿಜ್ವರ ಹಿಂದೆ ಸರಿಯಿತು. ಅದರ ಬೆನ್ನಿಗೇ ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟೆ ಎದ್ದಿತು. 1965ರಲ್ಲಿ ಆ ಕೆಲಸ ಮುಗಿಯುವಾಗ ಈ ಭಾಗದ ಎಷ್ಟೋ ಊರು, ಗದ್ದೆ ಹಿನ್ನೀರಿನಡಿ ಹೋಗಿದ್ದವು. ಇಲ್ಲಿಯವರೇ ಗಂಟುಮೂಟೆ ಕಟ್ಟುತ್ತಿದ್ದ ಆ ದಶಕಗಳಲ್ಲಿ ಕೇರಳದಿಂದ ಇನ್ನೊಂದು ಗುಂಪು ಗಂಟುಮೂಟೆಯೊಂದಿಗೆ ಬಂದಿಳಿಯಿತು.

ಅವರ ಹಿಂದಿನ ಕಥೆ ತಿರುವಾಂಕೂರಿನದು. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ಬರ್ಮಾ ಜಪಾನೀಯರ ಕೈಸೇರಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಹೊರಗಿನ ಅಕ್ಕಿಯನ್ನೇ ನೆಚ್ಚಿದ್ದ ತಿರುವಾಂಕೂರಿನ ಬಡವರ ಹೊಟ್ಟೆ ತುಂಬಿಸಿದ್ದು ಮರಗೆಣಸು. ನೆಲವಿಲ್ಲದ, ತುಂಡು ನೆಲವಷ್ಟೇ ಇದ್ದ ಸಿರಿಯನ್ ಕ್ರೈಸ್ತ ಕುಟುಂಬಗಳು ಮಲಬಾರಿನ ಕಾಡಿಗೆ ನಡೆದವು. ಆ ವಲಸಿಗರ ಪಾಡನ್ನು ಎಸ್.ಕೆ. ಪೊಟ್ಟೆಕ್ಕಾಟ್ 1948ರಲ್ಲೇ ‘ವಿಷಕನ್ಯಕ’ ಕಾದಂಬರಿಯಾಗಿಸಿದ್ದಾರೆ. ಮಲಬಾರಿನಲ್ಲಿ ಜಾಗ ತುಂಬಿದಂತೆ ದಕ್ಷಿಣ ಕನ್ನಡ, ಕೊಡಗು, ಚಿಕ್ಕಮಗಳೂರು, ಶಿವಮೊಗ್ಗದ ಕಡೆಗೂ ಜನ ಹರಿದರು. 2007ರಲ್ಲಿ ಸಿರೋ ಮಲಬಾರ್ ಸಭೆ ಚಿಕ್ಕಮಗಳೂರು ಮತ್ತು ಶಿವಮೊಗ್ಗ ಜಿಲ್ಲೆಗಳಿಗೆಂದೇ ಭದ್ರಾವತಿ ಧರ್ಮಪ್ರಾಂತ್ಯ ಮಾಡಿತೆಂದರೆ ಇಲ್ಲಿ ಬೇರು ಬಿಟ್ಟವರು ಎಷ್ಟಿರಬಹುದೆಂದು ಊಹಿಸಬಹುದು.

ಅವರು ತಂದ ಎರಡು ಗಿಡಗಳೂ ದಕ್ಷಿಣ ಅಮೆರಿಕದವು. ಗೆಣಸು ಪೋರ್ಚುಗೀಸರ ಹಡಗಿನಲ್ಲಿ ಕೇರಳ ಮುಟ್ಟಿತು. ಅದನ್ನು ಜನರ ಊಟವಾಗಿಸಲು ಮುತುವರ್ಜಿ ವಹಿಸಿದವನು 1880ರಿಂದ 1885ರವರೆಗೆ ಆಳಿದ ತಿರುವಾಂಕೂರಿನ ವಿಶಾಖಂ ತಿರುನಾಳ್. ರಬ್ಬರ್ ಬೀಜವನ್ನು 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲ್‌ನಿಂದ ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ. ಅಲ್ಲಿ ಮೊಳೆತ ಸಸಿಗಳು ಸಿಲೋನ್ ದಾರಿಯಾಗಿ ನಮ್ಮತ್ತ ಬಂದವು. ರಬ್ಬರ್ ನೆಟ್ಟರೆ ಹಾಲು ಇಳಿಯಲು ಆರೇಳು ವರ್ಷ ಕಾಯಬೇಕು. ಅಷ್ಟು ದಿನ ಮನೆಮಂದಿ ಏನು ತಿನ್ನಬೇಕು? ಸಾಲಿನ ನಡುವೆ ಗೆಣಸಿನ ಕಡ್ಡಿ ಊರಿದರೆ ಎಂಟು ಹತ್ತು ತಿಂಗಳಲ್ಲಿ ಗೆಡ್ಡೆ. ಹೊಸ ನೆಲದಲ್ಲಿ ಅವರನ್ನು ಉಳಿಸಿದ ಲೆಕ್ಕ ಇದೇ. ಇಳಿಜಾರಿನ ಮಣ್ಣು ಕೆದರಿ ಗೆಣಸು ಕೀಳುವುದರಿಂದ ಮಳೆಗಾಲದಲ್ಲಿ ಮೇಲ್ಮಣ್ಣು ಕೊಚ್ಚಿ ಹೋಗುತ್ತದೆ, ಕಾಡಿದ್ದ ಗುಡ್ಡ ರಬ್ಬರ್ ಆಯಿತು ಎಂಬ ದೂರುಗಳಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಕಾಡು ಕಡಿದು ತೋಟ ಮಾಡಿದವರು ಅವರೊಬ್ಬರೇ ಅಲ್ಲವಲ್ಲ.

ಇನ್ನು ವಾಟ್ಟುವ, ಅಂದರೆ ಅರೆಬೇಯಿಸಿ ಒಣಗಿಸುವ, ಕೆಲಸ. ನೆಲದೊಳಗೆ ಇರುವಷ್ಟು ದಿನ ಗೆಣಸಿಗೆ ಆತುರವಿಲ್ಲ. ಕಿತ್ತ ಮೇಲೆ ಎರಡು ಮೂರು ದಿನದಲ್ಲೇ ಒಳಗೆ ನೀಲಿ ಗೆರೆ ಓಡಿ ಕೆಡುತ್ತದೆ. ನೆಲದಲ್ಲೇ ಬಿಡೋಣವೆಂದರೆ ಹಂದಿ, ಮುಳ್ಳುಹಂದಿ, ಹೆಗ್ಗಣ ಬಿಡುವುದಿಲ್ಲ. ಅದಕ್ಕೇ ಬಿಸಿಲು ಗಟ್ಟಿಯಾಗಿ ಕಾಯುವ ದಿನ ನೋಡಿ ಇಡೀ ಹೊಲ ಒಟ್ಟಿಗೆ ಕೀಳುತ್ತಾರೆ. ಒಂದು ಮನೆಯ ಕೈ ಇದಕ್ಕೆ ಸಾಲದು. ಇವತ್ತು ನಿಮ್ಮಲ್ಲಿ, ನಾಳೆ ನಮ್ಮಲ್ಲಿ ಎಂದು ಮುಯ್ಯಾಳಿನ ಲೆಕ್ಕ. ಗಂಡಸರು ಬುಡ ಅಲ್ಲಾಡಿಸಿ ಗೊಂಚಲು ಮುರಿಯದಂತೆ ಎಳೆಯುತ್ತಾರೆ. ಹೆಂಗಸರು, ಅಜ್ಜಿಯರು ಸುತ್ತ ಕೂತು ಸಿಪ್ಪೆ ತೆಗೆಯುತ್ತಾರೆ. ಕತ್ತಿಯಲ್ಲಿ ಉದ್ದಕ್ಕೊಂದು ಗೀರು ಹಾಕಿ ಬೆರಳಿನಿಂದ ಮೀಟಿದರೆ ಒಳಗಿನ ದಪ್ಪ ಸಿಪ್ಪೆ ಸುರುಳಿಯಾಗಿ ಕಳಚಿಕೊಳ್ಳುತ್ತದೆ. ಮೆಟ್ಟುಕತ್ತಿಯಲ್ಲಿ ಅಡಿಕೆ ಸುಲಿದ ಕೈಗೆ ಇದನ್ನು ಕಲಿಸುವ ಅಗತ್ಯ ಬಾರದು. ಹೋಳು ತೆಳುವಾದರೆ ಕುದಿಯಲ್ಲಿ ಕರಗುತ್ತದೆ, ದಪ್ಪವಾದರೆ ಒಣಗುವಾಗ ನಡುವೆ ಬೂಷ್ಟು ಹಿಡಿಯುತ್ತದೆ.

ಹಂಡೆಯ ಮುಂದೆ ನಿಲ್ಲುವವರದೇ ನಿಜವಾದ ಕಸುಬು. ನೀರು ಮೊದಲೇ ಕುದಿಯುತ್ತಿರಬೇಕು. ಹೋಳು ಬಿದ್ದ ಮೇಲೆ ಮತ್ತೆ ಕುದಿ ಎದ್ದು, ಅಂಚು ಬೆಂದು, ನಡು ಇನ್ನೂ ಬಿಗಿಯಾಗಿರುವಾಗಲೇ ಬುಟ್ಟಿಯಲ್ಲಿ ಬಸಿದು ತೆಗೆಯಬೇಕು. ಆ ಹದಕ್ಕೆ ಗಡಿಯಾರವಿಲ್ಲ. ಚೊಗರು ಹಾಕಿ ಅಡಿಕೆ ಬೇಯಿಸುವವರಂತೆ ಇವರೂ ಒಂದು ಹೋಳು ಎತ್ತಿ ಉಗುರಿನಿಂದ ಒತ್ತಿ ನೋಡುತ್ತಾರೆ. ಬಸಿದದ್ದನ್ನು ಹಾಸುಬಂಡೆಯ ಮೇಲೋ, ಅಂಗಳದಲ್ಲಿ ಹಾಸಿದ ಚಾಪೆಯ ಮೇಲೋ ಹರಡಿ ಲಟ್ಟೆನ್ನುವವರೆಗೆ ಒಣಗಿಸುತ್ತಾರೆ. ಮೂರು ಕಿಲೋ ಹಸಿಗೆ ಹೆಚ್ಚುಕಡಿಮೆ ಒಂದು ಕಿಲೋ ಒಣಗಿದ್ದು ಸಿಗುತ್ತದೆ. ಬೇಯಿಸದೆ ನೇರ ಬಿಸಿಲಿಗೆ ಹಾಕುವುದೂ ಉಂಟು. ಅದು ವೆಳ್ಳುಕಪ್ಪ, ಹಿಟ್ಟು ಮಾಡಲು. ಸರಿಯಾಗಿ ಒಣಗಿದ ವಾಟ್ಟುಕಪ್ಪ ಡಬ್ಬದಲ್ಲಿ ಮಳೆಗಾಲ ದಾಟುತ್ತದೆ. ಆಷಾಢದ ಜಡಿಮಳೆಯಲ್ಲಿ, ಸಂತೆಗೆ ಹೋಗಲಾಗದ ದಿನಗಳಲ್ಲಿ, ಅದೇ ಊಟ.

ತಿನ್ನುವ ಬಗೆ ಸರಳ. ರಾತ್ರಿ ನೆನೆಸಿ, ಬೆಳಿಗ್ಗೆ ಬೇಯಿಸಿ ಬಸಿದು, ತೆಂಗಿನತುರಿ, ಹಸಿಮೆಣಸು, ಬೆಳ್ಳುಳ್ಳಿ, ಜೀರಿಗೆ, ಅರಿಸಿನ ಅರೆದು ಹಾಕಿ ಮರದ ಸೌಟಿನಲ್ಲಿ ಕಲಸುವುದು. ಜೊತೆಗೆ ಕೆಂಪು ಮೀನುಸಾರು. ಸಾರಿಗೆ ಬೀಳುವ ಕುಡಂಪುಳಿಯನ್ನು ಕೋಟ್ಟಯಂನಿಂದ ತರಿಸಬೇಕಾಗಲಿಲ್ಲ. ನಮ್ಮ ಕಾಡಿನ ಉಪ್ಪಾಗೆಯೇ ಅದು. ಮಲೆನಾಡಿಗರು ಅದರ ಬೀಜದಿಂದ ತುಪ್ಪ ತೆಗೆಯುತ್ತಿದ್ದರು, ಇವರು ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸಿ ಸಾರಿಗೆ ಹಾಕಿದರು. ಕಡಲಮೀನು ಘಟ್ಟ ಹತ್ತಿ ಬರುತ್ತದೆ, ಕೆರೆಮೀನಿನ ರುಚಿ ಬಲ್ಲವರಿಗೆ ಭದ್ರಾ ಹಿನ್ನೀರಿನ ಕಾಟ್ಲಾ, ರೋಹು ಇದೆ. ಮೀನಿನ ಜೋಡಿ ಬರೀ ರುಚಿಗಲ್ಲ. ಗೆಣಸಿನಲ್ಲಿ ಪಿಷ್ಟ ಧಾರಾಳ, ಪ್ರೋಟೀನು ತೀರಾ ಕಡಿಮೆ. ಇದೇ ಅಮೆರಿಕ ಖಂಡದಿಂದ ಇಟಲಿಗೆ ಹೋದ ಮೆಕ್ಕೆಜೋಳ ಅಲ್ಲಿನ ಉತ್ತರ ಭಾಗದ ಬಡವರಿಗೆ ಪೊಲೆಂಟಾ ಎಂಬ ಗಟ್ಟಿ ಗಂಜಿಯಾಯಿತು. ಬರೀ ಅದನ್ನೇ ಉಂಡ ಹಳ್ಳಿಗರಲ್ಲಿ ಪೆಲಾಗ್ರ ಎಂಬ ಚರ್ಮದ, ಚಿತ್ತದ ಕಾಯಿಲೆ ಹರಡಿತು. ಕೇರಳದ ಬಡವನ ಕೈಗೆ ಮತ್ತಿ ಮೀನು ಅಗ್ಗವಾಗಿ ಸಿಗುತ್ತಿದ್ದುದು ಪುಣ್ಯ.

ಇಟಲಿಯ ಮಾತು ಸುಮ್ಮನೆ ಬಂದದ್ದಲ್ಲ. ರೋಮ್‌ನಲ್ಲಿ ದಾದಿಯರಾಗಿ, ವೃದ್ಧರ ಆರೈಕೆಗೆ ನಿಂತು, ಮಠಗಳಲ್ಲಿ ಸನ್ಯಾಸಿನಿಯರಾಗಿ ಬದುಕುವ ಕೇರಳ ಮೂಲದವರ ಸಂಖ್ಯೆ ಸಣ್ಣದಲ್ಲ. ಅಲ್ಲಿ ಕಾಲಿಟ್ಟ ಎಂಟು ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು, ಬೆಳಗಿನ ತಿಂಡಿಯೆಂದರೆ ಕಾಫಿಯ ಜೊತೆ ಸಿಹಿ ಬನ್ನು ಎಂದು ಒಪ್ಪಿಕೊಳ್ಳಬೇಕು, ರಾತ್ರಿ ಎಂಟಕ್ಕೆ ಮೊದಲು ಊಟ ಕೇಳಬಾರದು. ಅದಕ್ಕೆಲ್ಲ ಹೊಂದಿಕೊಂಡವರೂ ರಜೆ ಸಿಕ್ಕಾಗ ಟೆರ್ಮಿನಿ ರೈಲು ನಿಲ್ದಾಣದ ಹತ್ತಿರದ ಎಸ್ಕ್ವಿಲಿನೊ ಮಾರುಕಟ್ಟೆಗೆ ಹೋಗುತ್ತಾರೆ. ಮರಗೆಣಸು, ತೆಂಗಿನಕಾಯಿ, ಕರಿಬೇವು ಸಿಗುವ ಜಾಗ ಅದು. ಎಡೇಹಳ್ಳಿಗೆ ಬಂದ ಮೊದಲ ತಲೆಮಾರಿಗೆ ಆ ಅನುಕೂಲವೂ ಇರಲಿಲ್ಲ. ಬೇಕಾದ್ದನ್ನು ಬೆಳೆದುಕೊಂಡೇ ತಿನ್ನಬೇಕಿತ್ತು.

ಅಡುಗೆಮನೆಯ ಗಡಿ ಈಗ ಅಷ್ಟು ಬಿಗಿಯಾಗಿಲ್ಲ. ಅವರ ಪುಟ್ಟು ನಮ್ಮ ಕಡುಬು ಎರಡೂ ಹಬೆಯಲ್ಲಿ ಬೆಂದ ಅಕ್ಕಿಯೇ ತಾನೆ. ಈಸ್ಟರ್‌ಗೆ ಮುಂಚಿನ ಪೆಸಹಾ ಗುರುವಾರ ಹುಳಿ ಬರಿಸದ ಅಪ್ಪ ಮಾಡಿ, ಮನೆಯ ಹಿರಿಯರು ಪ್ರಾರ್ಥಿಸಿ ಮುರಿದು, ಬೆಲ್ಲ ಮತ್ತು ಕಾಯಿಹಾಲಿನ ಪಾನಕದಲ್ಲಿ ಅದ್ದಿ ಹಂಚುವ ಕ್ರಮ ಮಾತ್ರ ಮನೆಯೊಳಗಿನದು. ಉಳಿದಂತೆ, ಗೆಣಸು ಕಿತ್ತ ದಿನ ಗೌಡರ ಮನೆಗೂ ಒಂದು ಬುಟ್ಟಿ ಹೋಗುತ್ತದೆ, ಅಲ್ಲಿಂದ ಬಾಳೆಗೊನೆಯೋ ಕಳಲೆಯೋ ತಿರುಗಿ ಬರುತ್ತದೆ.

ಸೋಲುತ್ತಿರುವುದು ವಾಟ್ಟುವ ಕೆಲಸ. ಮುಯ್ಯಾಳಿಗೆ ಬರಬೇಕಾದ ಹುಡುಗರು ಬೆಂಗಳೂರಿನಲ್ಲೋ ಪರದೇಶದಲ್ಲೋ ಇದ್ದಾರೆ. ಹಂದಿಯ ಜೊತೆಗೆ ಈಗ ಆನೆಯ ಕಾಟವೂ ಸೇರಿ ಗೆಣಸು ನೆಡುವವರು ಕಡಿಮೆಯಾಗಿದ್ದಾರೆ. ತಿರುವನಂತಪುರದಲ್ಲಿ 1963ರಿಂದ ಇರುವ ಕೇಂದ್ರ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಆರೇಳು ತಿಂಗಳಿಗೆ ಬರುವ ಶ್ರೀಜಯ, ಶ್ರೀವಿಜಯದಂಥ ತಳಿಗಳನ್ನು ಕೊಟ್ಟಿದೆ. ಹೊಲದಲ್ಲಿ ಕಾವಲು ಕಾಯುವ ತಿಂಗಳು ಅಷ್ಟರಮಟ್ಟಿಗೆ ಉಳಿಯುತ್ತದೆ. ಹಲಸಿನ ಮೇಳ, ಗೆಡ್ಡೆಗೆಣಸಿನ ಮೇಳ ನಡೆಸುವ ಮಲೆನಾಡಿನ ಸಂಘಗಳು ವಾಟ್ಟುವವರನ್ನೂ ಕರೆದು, ಒಂದು ಹಂಡೆ ಒಲೆ ಹೂಡಿಸಿ ತೋರಿಸಬಾರದೇಕೆ?

ಫೆಬ್ರವರಿ, ಮಾರ್ಚಿನಲ್ಲಿ ಆ ಕಡೆ ಹೋದವರು ಕೇಳಿ ನೋಡಿ. ಒಣಗಿದ್ದು ಸಿಕ್ಕರೆ ಒಂದೆರಡು ಕಿಲೋ ತನ್ನಿ. ಅಡುಗೆಗೆ ಹೊಸಬರಿಗೆ ಒಂದು ಎಚ್ಚರಿಕೆ: ಮರಗೆಣಸಿನಲ್ಲಿ ಸೈನೈಡ್ ಬಿಡುವ ಅಂಶವಿದೆ, ಕಹಿ ತಳಿಗಳಲ್ಲಿ ಹೆಚ್ಚು. ಹಸಿಯಾಗಿ ತಿನ್ನಬೇಡಿ. ಧಾರಾಳ ನೀರಿನಲ್ಲಿ ಮುಚ್ಚಳ ತೆಗೆದು ಬೇಯಿಸಿ, ಆ ನೀರನ್ನು ಪೂರಾ ಚೆಲ್ಲಿ.