ಕಲ್ಲೂ ಮಸಿಯೂ ಒಂದೇ ಪುಟದಲ್ಲಿ

ಬೆಳಗಿನ ಜಾವಕ್ಕೇ ಮುಂಬೈ ಪಕ್ಕದ ಡೊಂಬಿವಲಿ ಸ್ಟೇಷನ್ನಿನ ಹೊರಗೆ ಪೇಪರಿನವರ ಹರವು. ಮರಾಠಿ, ಹಿಂದಿ, ಗುಜರಾತಿ ಕಟ್ಟುಗಳ ಅಂಚಿನಲ್ಲಿ ತೆಳ್ಳಗೆ 'ಕರ್ನಾಟಕ ಮಲ್ಲ'. ಫಾಸ್ಟ್ ಲೋಕಲ್ಲಿನ ಧಾವಂತದಲ್ಲೂ ಶೆಟ್ಟರೊಬ್ಬರು ಅದನ್ನೆಳೆದು ನಾಲ್ಕು ಮಡಿಕೆ ಮಾಡಿ ಕಂಕುಳಿಗೆ ಸಿಕ್ಕಿಸುತ್ತಾರೆ. ಈ ಕನ್ನಡ ಪತ್ರಿಕೆಯನ್ನು ಹುಟ್ಟುಹಾಕಿದವರು ಜುನ್ನರ್ ಕಡೆಯ ಮರಾಠಿಗ, ಮುರಳೀಧರ ಶಿಂಗೋಟೆ. ಮರಾಠಿಯ 'ಪುಣ್ಯ ನಗರಿ'ಯನ್ನು ಆರಂಭಿಸಿದವರೂ ಅವರೇ.

ಬೆಳಗಾವಿಯ ಹೆಸರಿನಲ್ಲಿ ಕರ್ನಾಟಕ-ಮಹಾರಾಷ್ಟ್ರಗಳ ಗಡಿ ಜಗಳ ಎದ್ದಾಗ ಇಲ್ಲಿನ ಕನ್ನಡ ವರದಿಗಾರನ ಪಾಡು ಬೇರೆಯದೇ. 2022ರ ಡಿಸೆಂಬರ್ 6ನ್ನೇ ನೋಡಿ. ಬೆಳಗಾವಿ ಹತ್ತಿರದ ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರ ನಂಬರಿನ ಲಾರಿಗಳ ಮೇಲೆ ಕಲ್ಲು ಬಿತ್ತು. ಅದೇ ದಿನ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ. ಬೆಂಗಳೂರಿನವರಿಗೆ ಮಸಿ ದೊಡ್ಡ ಸುದ್ದಿ, ಮುಂಬೈಯವರಿಗೆ ಕಲ್ಲು. ಕಲ್ಯಾಣದಲ್ಲೋ ನೆರೂಳದಲ್ಲೋ ಮನೆ ಮಾಡಿರುವ ಕನ್ನಡ ಪತ್ರಕರ್ತ ಯಾರ ಪೈಕಿ?

ಇಂಥ ರಾತ್ರಿಗಳಲ್ಲಿ ಪುಟ ಕಟ್ಟುವಾತನ ಪರದೆಯ ಮೇಲೆ ಬಸ್ಸಿನ ಚಿತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ಎರಡು ಕಾಲಮ್ಮೋ ನಾಲ್ಕೋ? ಅಷ್ಟರಲ್ಲಿ ಫೋನು. "ಮಾರಾಯ್ರೆ, ಹೆಡ್ಡಿಂಗ್ ಸ್ವಲ್ಪ ನೋಡಿ ಹಾಕಿ. ನಾಳೆ ಹೋಟೆಲ್ ತೆಗೀಲಿಕ್ಕುಂಟು." 1969ರ ಫೆಬ್ರುವರಿಯಲ್ಲಿ ಇದೇ ಗಡಿಯ ಹೆಸರಿನಲ್ಲಿ ಶಿವಸೇನೆ ಮುಂಬೈಯನ್ನು ಹೊತ್ತಿಸಿದ್ದನ್ನು ಕಂಡ ತಲೆಮಾರಿನ ಭಯ ಅದು, ಸುಳ್ಳಲ್ಲ. ಬೆನ್ನಿಗೇ ಇನ್ನೊಂದು ಕರೆ: "ಕನ್ನಡದ ಪೇಪರ್ ಅಂದ್ಮೇಲೆ ಮಸಿ ಬಳಿದ ಬಸ್ಸು ಮುಖಪುಟದಲ್ಲೇ ಬರಬೇಕು!"

ಹೆಡ್ಡಿಂಗಿನ ದನಿ ತಗ್ಗಿಸಿದರೆ ಏನೂ ಕೆಡುವುದಿಲ್ಲ ಎಂಬುದು ನನ್ನ ಲೆಕ್ಕ. ಮಸಿ ಬರೆದು ಕಲ್ಲು ನುಂಗಿದರೆ ಮಾತ್ರ ಕೆಟ್ಟಿತು. ಠಾಣೆಯಲ್ಲಿ ಲೋಕಲ್ ಹತ್ತುವ ನಮ್ಮ ಓದುಗ ಕೂರುವುದು ಮರಾಠಿ ಪೇಪರ್ ಬಿಡಿಸಿದವನ ಪಕ್ಕದಲ್ಲೇ. ಅರ್ಧ ಸುದ್ದಿ ಹಿಡಿದು ವಾದಕ್ಕಿಳಿದರೆ ಮುಖಭಂಗ ಅವನಿಗೆ, ಪತ್ರಿಕೆಗಲ್ಲ. ನಮ್ಮವರ ಮೇಲಿನ ಅಭಿಮಾನ ಎಂದರೆ ಅವರನ್ನು ಹೀಗೆ ಸಿಕ್ಕಿಸದಿರುವುದೂ ಹೌದಲ್ಲವೇ?

ಕಷ್ಟ ಇರುವುದು ಹಳೆಯ ಕಡತಗಳಲ್ಲಿ. ಗಡಿ ಕುರಿತ 1967ರ ಮಹಾಜನ್ ವರದಿಯೇ ಅಂತಿಮ ಎಂದು ನಮ್ಮವರು ವೇದಿಕೆ ತಟ್ಟುತ್ತಾರೆ. ಬೆಳಗಾವಿ ನಮ್ಮದೆಂದ ಆ ವರದಿಯೇ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಿ ಎಂದಿತ್ತು. ಇದನ್ನೂ ಒಂದು ಸಾಲು ಸೇರಿಸಿ ಬರೆದವನಿಗೆ ಮುಂದಿನ ರಾಜ್ಯೋತ್ಸವದಲ್ಲಿ ಶಾಲು ತಪ್ಪುತ್ತದೆ, ಕುರ್ಚಿ ಹಿಂದಿನ ಸಾಲಿಗೆ ಹೋಗುತ್ತದೆ.